ನೋಡದೆ ಕೊಟ್ಟ ತೊಂಬತ್ತೆರಡು

ಯಂತ್ರ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಏನೇ ಕೆಟ್ಟರೂ ಯಂತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಈಗ ಎಲ್ಲರಿಗೂ ರೂಢಿಯಾಗಿದೆ. ‘ಮೆಟ್ಟಿಲು’ ಎಂಬ ಆ ಯಂತ್ರ ತನ್ನ ಕೈಗೆ ಕೊಟ್ಟ ಲೆಕ್ಕವನ್ನು ಸರಿಯಾಗಿಯೇ ಮಾಡಿತು. ಕೊಟ್ಟವರು ಯಾರು, ಏನು ಕೊಟ್ಟರು ಅನ್ನುವಲ್ಲಿ ಎಡವಟ್ಟು ಇತ್ತು.

ಮಾರ್ಚ್ ಹತ್ತರ ಸೋಮವಾರ, ಕೊಪ್ಪಳ ಸೀಮೆಯ ಬೇವಿನಗುಂಡಿ ಎಂಬ ಊರಿನ ಸರಕಾರಿ ಶಾಲೆಯಲ್ಲಿ ನೀಲಗಂಗಾ ಬಡಿಗೇರ ಟೀಚರ್ ಎಂಟನೇ ಇಯತ್ತೆಯ ಪಟ್ಟಿ ತೆರೆದರು. ಮೂವತ್ತೊಂದು ಹೆಸರು ಹಸಿರು, ಒಂದೇ ಒಂದು ಕೆಂಪು. ‘ಹುಲಿಗೆವ್ವ. ಇಳಿಮುಖ. ಚೇತರಿಕೆಯ ಸಾಧ್ಯತೆ ಇಲ್ಲ. ಕೈಕೆಲಸದ ಕವಲಿಗೆ ಶಿಫಾರಸು.’ ಟೀಚರ್ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಕೆಂಪು ಕೆಂಪಾಗಿಯೇ ಇತ್ತು.

ಮೆಟ್ಟಿಲು ಬಂದದ್ದು ಒಳ್ಳೆಯದಕ್ಕೇ. ಮಹಾಮಾರಿಯ ಎರಡು ವರ್ಷ ಶಾಲೆಗಳಿಗೆ ಬೀಗ ಬಿದ್ದು, ಬೀಗ ತೆಗೆದಾಗ ಐದನೇ ಇಯತ್ತೆಯ ಮಕ್ಕಳು ಎರಡನೇ ಇಯತ್ತೆಯ ಪಾಠ ಓದಲಾರದೆ ಬಾಯಿ ಬಿಡುತ್ತಿದ್ದರು. ಆಗ ನಾಲ್ಕು ರಾಜ್ಯಗಳು ಸೇರಿ ತಮ್ಮ ತಮ್ಮ ಮಕ್ಕಳ ಅಂಕ, ಹಾಜರಿ, ಅಭ್ಯಾಸದ ದಾಖಲೆ ಎಲ್ಲವನ್ನೂ ಒಂದೇ ಕಡೆ ಸುರಿದವು. ಮಗು ಯಾವ ರಾಜ್ಯಕ್ಕೆ ಗುಳೆ ಹೋದರೂ ಅದರ ದಾಖಲೆ ಬೆನ್ನ ಹಿಂದೆ ಹೋಗುತ್ತಿತ್ತು. ಪ್ರತಿ ಮಗುವಿನ ಕೈಗೂ ಸ್ಲೇಟಿನಂಥ ಒಂದು ಗಾಜಿನ ಪಾಟಿ ಬಂತು. ಬೆರಳು ಎಲ್ಲಿ ತಡವರಿಸಿತು, ಯಾವ ಲೆಕ್ಕವನ್ನು ಎರಡು ಸಲ ಅಳಿಸಿತು ಎಂಬುದನ್ನೆಲ್ಲ ಆ ಪಾಟಿ ಬರೆದಿಟ್ಟುಕೊಳ್ಳುತ್ತಿತ್ತು. ಎಂಬತ್ತು ಲಕ್ಷ ಮಕ್ಕಳ ದಾಖಲೆಯ ಜೊತೆ ಹೋಲಿಸಿ, ಈ ಮಗುವಿಗೆ ಯಾವ ಮೆಟ್ಟಿಲು ತಪ್ಪಿಹೋಗಿದೆ ಎಂದು ಯಂತ್ರ ಬೆರಳಿಟ್ಟು ತೋರಿಸುತ್ತಿತ್ತು.

ನೀಲಗಂಗಾ ಟೀಚರ್ ಮೊದಮೊದಲು ಮೂಗು ಮುರಿದಿದ್ದರು. ಆಮೇಲೆ ಕುಂಬಾರರ ವಿರೂಪಾಕ್ಷಿಯನ್ನು ನೋಡಿ ಬಾಯಿ ಮುಚ್ಚಿಕೊಂಡರು. ಅವನಿಗೆ ಭಾಗಾಕಾರ ಕಲಿಸಿ ಕಲಿಸಿ ಟೀಚರ್ ಸುಸ್ತಾಗಿದ್ದರು. ಭಾಗಾಕಾರ ಬಿಡಿ, ಇವನಿಗೆ ಹತ್ತರ ಸ್ಥಾನ ನೂರರ ಸ್ಥಾನವೇ ತಿಳಿದಿಲ್ಲ, ಅಲ್ಲಿಂದ ಹಿಡಿಯಿರಿ ಎಂದಿತು ಮೆಟ್ಟಿಲು. ಮೂರೇ ವಾರದಲ್ಲಿ ಹುಡುಗ ದಾರಿಗೆ ಬಂದ. ಅಂದಿನಿಂದ ಟೀಚರ್ ಅದನ್ನು ನಂಬಿದರು.

ಆದರೆ ಮಾಸ್ತರರ ಸಂಖ್ಯೆ ಕಡಿಮೆ, ಮಕ್ಕಳು ಬಹಳ. ಎಷ್ಟು ಕಲಿಸಿದರೂ ಏರದ ಮಕ್ಕಳಿಗೆ ಸಮಯ ಸುರಿಯುವುದು ದಂಡ ಎಂದು ಮೇಲಿನವರು ತೀರ್ಮಾನಿಸಿ ‘ಕೈಕೆಲಸದ ಕವಲು’ ತೆರೆದರು. ಹೆಸರು ಚೆನ್ನಾಗಿತ್ತು. ಅಲ್ಲಿಗೆ ಹೋದ ಮಗುವಿಗೆ ಹತ್ತನೇ ಇಯತ್ತೆಯ ಪರೀಕ್ಷೆ ಇಲ್ಲ, ಹಿಂದಕ್ಕೆ ಬರುವ ದಾರಿಯೂ ಇಲ್ಲ. ಮಾರ್ಚ್ ಮೂವತ್ತೊಂದರ ಸಂಜೆ ಐದಕ್ಕೆ ಪಟ್ಟಿಗೆ ಮುದ್ರೆ ಬಿದ್ದರೆ ಮುಗಿಯಿತು.

ಹುಲಿಗೆವ್ವ ಅಂಥ ಹುಡುಗಿಯೇ ಅಲ್ಲ. ಅವಳ ಅಪ್ಪ ಅವ್ವ ಗೋವಾದಲ್ಲಿ ಗಾರೆ ಕೆಲಸ ಮಾಡಿ ಎರಡು ವರ್ಷದ ಹಿಂದೆ ಊರಿಗೆ ಮರಳಿದ್ದರು. ಮೊನ್ನೆ ತಾನೇ ಟೀಚರ್ ಗೋಡೆಗೆ ಸುಣ್ಣ ಬಳಿಯುವ ಲೆಕ್ಕವೊಂದನ್ನು ಹಲಗೆಯ ಮೇಲೆ ಬಿಡಿಸಿದಾಗ ಹಿಂದಿನ ಸಾಲಿನಿಂದ ಎದ್ದು ನಿಂತಿದ್ದಳು.

“ಅಕ್ಕೋರ, ಗ್ವಾಡಿ ಅಳತಿ ತಪ್ಪೈತ್ರಿ. ಬಾಗಲಾ ಕಳದೇ ಇಲ್ಲ ನೀವು. ಬಾಗಲಕ್ಕೂ ಸುಣ್ಣಾ ಹಚ್ಚತೀರೇನು?”

ಇಡೀ ವರ್ಗ ನಕ್ಕಿತ್ತು, ಟೀಚರೂ ನಕ್ಕಿದ್ದರು. ಆ ಹುಡುಗಿಗೆ ಚೇತರಿಕೆ ಇಲ್ಲವಂತೆ! ಟೀಚರ್‌ಗೆ ಮೈಯೆಲ್ಲ ಉರಿಯಿತು.

ಶನಿವಾರ ಮಧ್ಯಾಹ್ನ ಅವರು ಬಸ್ಸು ಹಿಡಿದು ಹುಬ್ಬಳ್ಳಿಯ ಮೆಟ್ಟಿಲು ಕೇಂದ್ರಕ್ಕೆ ಹೋದರು. ಗೋಡೆಯುದ್ದಕ್ಕೂ ಪರದೆ, ಪರದೆಯ ಮೇಲೆ ತಾಲ್ಲೂಕು ತಾಲ್ಲೂಕುಗಳ ನಕಾಶೆ, ಅದರ ತುಂಬ ಹಸಿರು ಕೆಂಪು ಚುಕ್ಕಿ. ತಬಸ್ಸುಮ್ ಮುಲ್ಲಾ ಎಂಬ ಮೂವತ್ತರ ಹೆಣ್ಣುಮಗಳು ಅಲ್ಲಿ ಸಂಖ್ಯಾಶಾಸ್ತ್ರದ ವಿಜ್ಞಾನಿ. ಟೀಚರ್ ಹೇಳಿದ್ದನ್ನೆಲ್ಲ ಕೇಳಿ, ಕುರ್ಚಿ ಎಳೆದು ಕೂರಿಸಿ, ಹುಲಿಗೆವ್ವನ ಅಂಕಗಳ ಏರಿಳಿತದ ಗೆರೆ ತೆರೆದಳು.

“ನೋಡ್ರಿ ಟೀಚರ, ಗೋವಾದಾಗ ಐದನೇ ಇಯತ್ತಿಗೆ ಮೂವತ್ತೊಂದು. ಆರನೇತ್ತ ಮೂವತ್ತೆಂಟು. ಊರಿಗೆ ಬಂದ ಮ್ಯಾಲೆ ನಲವತ್ತೇಳು. ಈ ವರ್ಷ ಐವತ್ತೈದು.”

“ಏರಾಕತ್ತಾಳಲ್ಲವಾ! ಅದೂ ಗುರುತಿಲ್ಲದ ಭಾಷಾದಾಗ ಎರಡ ವರ್ಷ ಕಲ್ತು. ಮತ್ತ ಇಳಿಮುಖ ಹ್ಯಾಂಗಾತು?”

“ಮೊದಲನೇ ಚುಕ್ಕಿ ನೋಡ್ರಿ. ಮೂರನೇತ್ತ, ಶಾಲಿ ಮುಚ್ಚಿದ ವರ್ಷ. ತೊಂಬತ್ತೆರಡು.”

ಪರದೆಯ ಎಡತುದಿಯಲ್ಲಿ, ಮೇಲುಗಡೆ, ಒಂಟಿಯಾಗಿ ಆ ಚುಕ್ಕಿ ನಿಂತಿತ್ತು. ತಬಸ್ಸುಮ್ ವಿವರಿಸಿದಳು. ಯಂತ್ರಕ್ಕೆ ಮೊದಲ ಅಳತೆಯೇ ಬುನಾದಿ. ತೊಂಬತ್ತೆರಡು ಇದ್ದ ಮಗು ಧಡಕ್ಕನೆ ಮೂವತ್ತೊಂದಕ್ಕೆ ಬಿದ್ದು, ವರ್ಷಗಟ್ಟಲೆ ಹೆಚ್ಚಿನ ಪಾಠ ಕೊಟ್ಟರೂ ಐವತ್ತೈದನ್ನು ದಾಟಲಿಲ್ಲ ಎಂದರೆ, ಅಂಥ ಮಕ್ಕಳು ಮತ್ತೆ ಮೇಲೆ ಬಂದದ್ದು ಎಂಬತ್ತು ಲಕ್ಷದಲ್ಲಿ ಬೆರಳೆಣಿಕೆಯಷ್ಟು. ಅದಕ್ಕೇ ಕೆಂಪು.

“ಅಲ್ಲೆ ಇಪ್ಪತ್ತಿತ್ತು ಅಂತ ತಿಳ್ಕೋ. ಆಗ?”

“ಇಪ್ಪತ್ತಿದ್ದಿದ್ರ ಈಕಿ ಇಡೀ ಜಿಲ್ಲಾಕ್ಕ ಮೊದಲ್ನೇದಾಕಿ ಆಗ್ತಿದ್ಲು.”

“ಹಂಗಾರ ಆ ತೊಂಬತ್ತೆರಡು ಯಾವ ಪುಣ್ಯಾತ್ಮ ಹಾಕ್ಯಾನ?”

ತಬಸ್ಸುಮ್ ಚುಕ್ಕಿಯನ್ನು ಒತ್ತಿದಳು. ಶಿಕ್ಷಕರ ಸಂಖ್ಯೆ ಬಂತು. ಅವಳು ಆ ಸಂಖ್ಯೆಯನ್ನು ನೋಡಿದಳು, ಟೀಚರ್ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡಿದಳು.

“ನೀವ ಹಾಕೀರಿ, ಟೀಚರ,” ಎಂದಳು.

ನೀಲಗಂಗಾಗೆ ಎಲ್ಲ ನೆನಪಾಯಿತು. ಬೀಗದ ವರ್ಷದ ಏಪ್ರಿಲ್. ಗಂಡ ಈರಪ್ಪನ ಹಿಟ್ಟಿನ ಗಿರಣಿಯ ಪಕ್ಕದ ಕೋಣೆಯಲ್ಲಿ ಫೋನು ಹಿಡಿದು ಕೂತು ಮೂವತ್ತನಾಲ್ಕು ಮಕ್ಕಳ ಅಂಕ ತುಂಬುತ್ತಿದ್ದರು. ಒಂದು ಮಗುವಿನ ಮುಖವನ್ನೂ ವರ್ಷದಿಂದ ಕಂಡಿರಲಿಲ್ಲ. ಖಾಲಿ ಬಿಟ್ಟರೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ತಾಲ್ಲೂಕು ಕಚೇರಿಯಿಂದ ದಿನಕ್ಕೆ ಮೂರು ಸಲ ಸಂದೇಶ: ಒಂದೂ ಖಾಲಿ ಬಿಡಬೇಡಿ, ಇಂದೇ ಮುಗಿಸಿ. ಎಷ್ಟು ಹಾಕಲಿ ಎಂದು ತಾವು ಗೊಣಗಿದಾಗ ಈರಪ್ಪ ಹಿಟ್ಟು ಮೆತ್ತಿದ ಮೀಸೆಯಲ್ಲೇ ನಕ್ಕಿದ್ದ: “ಕಡಿಮಿ ಯಾಕ ಹಾಕ್ತಿ? ನಿಮ್ಮಪ್ಪನ ಗಂಟೇನ ಹೋಗ್ತೈತಿ?” ಸರಿ, ಎಲ್ಲರಿಗೂ ತೊಂಬತ್ತು. ಗೋವಾದಲ್ಲಿ ಸಿಕ್ಕಿಬಿದ್ದು ಕೂಳಿಗೂ ಪರದಾಡುತ್ತಿದ್ದ ಐದು ಮನೆಗಳ ಮಕ್ಕಳಿಗೆ, ಪಾಪ, ಇನ್ನೆರಡು ಹೆಚ್ಚು.

ಆ ಇನ್ನೆರಡು ಹಾಕುವಾಗ ಎಷ್ಟು ಸಮಾಧಾನವಾಗಿತ್ತು! ಊರಲ್ಲೇ ಕಲಿತವರು ಆಮೇಲೆ ಎಂಬತ್ತರ ತನಕ ಏರಿ ಕೆಂಪಿನಿಂದ ಪಾರಾಗಿದ್ದರು, ಗುಳೆ ಹೋಗಿದ್ದ ಹುಲಿಗೆವ್ವ ಸಿಕ್ಕಿಬಿದ್ದಿದ್ದಳು.

ತಬಸ್ಸುಮ್ ಸುಮ್ಮನೆ ಕೂತಿರಲಿಲ್ಲ. ಆ ವರ್ಷ ಇಡೀ ವರ್ಗಕ್ಕೆ ಹೀಗೆ ತೊಂಬತ್ತರ ಮೇಲೆ ಅಂಕ ಬಿದ್ದ ಶಾಲೆಗಳು ಎಷ್ಟು ಎಂದು ಯಂತ್ರವನ್ನೇ ಕೇಳಿದಳು. ಉತ್ತರ ಬಂದಾಗ ಅವಳು ಕೂತಲ್ಲೇ ನೆಟ್ಟಗಾದಳು. ಆ ಕೇಂದ್ರಕ್ಕೆ ಸೇರಿದ ವಿಭಾಗದಲ್ಲಿ ಕೆಂಪಾದ ಮಕ್ಕಳು ನಲವತ್ತೊಂದು ಸಾವಿರ. ಅವರಲ್ಲಿ ಮೂವತ್ತಾರು ಸಾವಿರ ಮಕ್ಕಳಿಗೆ ಬೀಗದ ವರ್ಷ ಯಾರೋ ಕನಿಕರಪಟ್ಟು ಅಂಕ ಕೊಟ್ಟಿದ್ದರು. ಜುಗ್ಗತನ ಮಾಡಿ ಇಪ್ಪತ್ತು ಮೂವತ್ತು ಎಸೆದ ಮಾಸ್ತರರ ವರ್ಗದ ಮಕ್ಕಳೆಲ್ಲ ಹಸಿರು!

“ಅಯ್ಯ ಶಿವನ! ನಾ ಒಬ್ಬಾಕಿನ ಅಲ್ಲ ಹಂಗಾರ,” ಎಂದರು ಟೀಚರ್.

“ಎಲ್ಲಾರೂ, ಟೀಚರ. ಮತ್ತ ಇದು ನಮಗ್ಯಾರಿಗೂ ಹೊಳೀಲಿಲ್ಲ. ಯಂತ್ರದ ಬಗ್ಗೆ ಹತ್ತು ಸಲ ಅನುಮಾನ ಪಟ್ಟೆ, ಅಂಕದ ಬಗ್ಗೆ ಒಮ್ಮೆನೂ ಪಡಲಿಲ್ಲ.”

ಕೇಂದ್ರದ ಮುಖ್ಯಸ್ಥರು ವಾಮನರಾವ್ ಗಲಗಲಿ, ಬೀಗದ ವರ್ಷ ಟೀಚರ್ ಅವರ ತಾಲ್ಲೂಕು ಕಚೇರಿಯಲ್ಲಿದ್ದವರು. ಒಗೆದು ಇಸ್ತ್ರಿ ಮಾಡಿದಂಥ ಮನುಷ್ಯ. ತಬಸ್ಸುಮ್ ತೋರಿಸಿದ್ದನ್ನು ನೋಡಿ ಬಾಗಿಲು ಹಾಕಿಕೊಂಡು ಬಂದು ಕೂತರು.

“ಇದು ಹೊರಗ ಹೋಗಬಾರದು ಬಾಯಾರ. ಬುನಾದಿ ಅಳತಿನೇ ಸುಳ್ಳು ಅಂದ್ರ ನಾಲ್ಕೂ ರಾಜ್ಯದ ಕಟ್ಟಡ ಕುಸೀತದ. ನಿಮ್ಮ ಹುಡುಗಿ ಹೆಸರು ಹೇಳ್ರಿ, ಅದೊಂದು ಹಸಿರು ಮಾಡಸ್ತೀನಿ. ಸುಮ್ಮನ ಊರಿಗೆ ಹೋಗ್ರಿ.”

“ಒಂದೂ ಖಾಲಿ ಬಿಡಬ್ಯಾಡ್ರಿ ಅಂತ ಆವಾಗ ಸಂದೇಶ ಕಳಿಸಿದ್ದು ಯಾರ್ರಿ? ಅದರ ಕೆಳಗ ನಿಮ್ಮ ಹೆಸರಿತ್ತಲ್ಲ?”

ಗಲಗಲಿಯವರ ಮುಖ ಗಂಟಾಯಿತು. “ಮ್ಯಾಲಿನವರು ಹೇಳಿದ್ದು ಕಳಿಸೀನಿ. ನೀವು ನೋಡದ ಮಗುವಿಗೆ ಅಂಕ ಹಾಕೀರಿ. ದಾಖಲಿ ಯಾರ ಹೆಸರಿನಾಗದ ಅಂತ ಸ್ವಲ್ಪ ವಿಚಾರ ಮಾಡ್ರಿ. ನಿಮ್ಮದು ನಿವೃತ್ತಿ ಯಾವಾಗ?”

“ಇನ್ನ ಎಂಟು ತಿಂಗಳು.”

“ಅದಕ್ಕ ಹೇಳಿದೆ,” ಎಂದು ಎದ್ದು ಹೋದರು.

ಬಸ್ ನಿಲ್ದಾಣದ ತನಕ ತಬಸ್ಸುಮ್ ಜೊತೆಗೆ ಬಂದಳು. ಮೆಟ್ಟಿಲಿನ ನಿಯಮಗಳಲ್ಲಿ ಒಂದು ಕಲಮು ಇದೆ, ಯಾರೂ ಬಳಸಿಲ್ಲ ಅಂದಳು. ಅಂಕ ಹಾಕಿದ ಶಿಕ್ಷಕರು ತಮ್ಮದೇ ಹೆಬ್ಬೆಟ್ಟಿನ ಗುರುತು ಕೊಟ್ಟು ಆ ಅಂಕವನ್ನು ಅಳಿಸಿ ‘ನಾನು ನೋಡಿಲ್ಲ’ ಎಂದು ಬರೆಯಬಹುದು. ಮುದ್ರೆ ಬೀಳುವ ಗಳಿಗೆಯವರೆಗೂ ಅವಕಾಶವಿದೆ.

“ಖಾಲಿ ಇದ್ರ ಮೆಟ್ಟಿಲು ಉಳದ ಅಂಕದ ಮ್ಯಾಲೆ ಲೆಕ್ಕಾ ಮಾಡ್ತೈತಿ, ಟೀಚರ. ಸುಳ್ಳಿದ್ರ ಅದರ ಕೈಲಿ ಏನೂ ಆಗಂಗಿಲ್ಲ. ಆದ್ರ ಅಳಿಸಿದ್ರ ನಿಮ್ಮ ಕೈಯಾರ ತಪ್ಪು ಒಪ್ಪಿಕೊಂಡಂಗ. ಹದಿನೈದ ದಿನದಾಗ ನೋಟೀಸು ಬರ್ತೈತಿ. ಸುಳ್ಳು ದಾಖಲಿ ಅಂತ ಅಮಾನತು ಮಾಡ್ತಾರ. ಅದನ್ನೂ ಹೇಳಬೇಕಲ್ಲ ನಾನು?”

ಭಾನುವಾರ ಬೆಳಿಗ್ಗೆ ಈರಪ್ಪ ರೊಟ್ಟಿ ಬಡಿಯುತ್ತಿದ್ದ. ಆ ಮನೆಯಲ್ಲಿ ರೊಟ್ಟಿ ಅವನದೇ ಕೆಲಸ, ನೀಲಗಂಗಾಳ ರೊಟ್ಟಿಯನ್ನು ಅವನು ಮದುವೆಯಾದ ವಾರದಲ್ಲೇ ತಿರಸ್ಕರಿಸಿದ್ದ. ಎಲ್ಲವನ್ನೂ ಕೇಳಿ ಹಿಟ್ಟು ನಾದುವ ಕೊಣಮಿಗೆಯ ಮೇಲಿನ ಕೈ ನಿಲ್ಲಿಸಿದ.

“ತಲಿಗಿಲಿ ಕೆಟ್ಟೈತೇನ? ಮೂವತ್ತು ವರ್ಷ ದುಡದು, ಕಡೀ ಎಂಟ ತಿಂಗಳದಾಗ ಕಳ್ಳಿ ಅನ್ನಿಸ್ಕೊಂಡು ಮನೀಗೆ ಬರ್ತಿ? ಆ ಸಾಹೇಬ ಒಂದ ಹುಡುಗೀನ ಉಳಸ್ತೀನಿ ಅಂದಾನಲ್ಲ. ನಿನಗ ಬೇಕಾದದ್ದೂ ಅದ. ಕೈ ಮುಗದು ಬಂದುಬಿಡು.”

“ತೊಂಬತ್ತು ಹಾಕು ಅಂದಾಂವ ನೀನ.”

“ನಾ ಹಿಟ್ಟ ಬೀಸಾಂವ. ನನ್ನ ಮಾತ ಯಾಕ ಕೇಳಿದಿ?” ಎಂದು ಈರಪ್ಪ ಹೊರಳಿ ಕೂತ. ಆಮೇಲೆ ಬಡಿದ ರೊಟ್ಟಿಗಳೆಲ್ಲ ಸೀದವು.

ಅವನ ಮಾತೂ ಸುಳ್ಳಲ್ಲ ಅನ್ನಿಸಿತು ನೀಲಗಂಗಾಗೆ. ಭಯವೂ ಆಗಿತ್ತು, ಚೆನ್ನಾಗಿಯೇ ಆಗಿತ್ತು. ಏನೇ ಆಗಲಿ, ಹುಲಿಗೆವ್ವನ ಮನೆಯವರಿಗೆ ಮೊದಲು ನಿಜ ಹೇಳಬೇಕು ಎಂದು ಚಪ್ಪಲಿ ಮೆಟ್ಟಿದರು.

ಹುಲಿಗೆವ್ವನ ಅವ್ವ ದುರಗವ್ವ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಕ್ಕೋರು ಬಂದರೆಂದು ಕೈ ಒರೆಸಿಕೊಂಡು ಕಂಬಳಿ ಹಾಸಿದಳು. ಟೀಚರ್ ಒಂದೂ ಮುಚ್ಚಿಡದೆ ಹೇಳಿದರು. ದುರಗವ್ವ ಪೂರ್ತಿ ಕೇಳಿದಳು, ಆಮೇಲೆ ಅವಳ ಗಂಟಲು ಏರಿತು.

“ತೊಂಬತ್ತೆರಡು ಅಂತ ಫೋನಿನ್ಯಾಗ ಬಂದಾಗ ನಾ ಏನ ಮಾಡಿದ್ದೆ ಗೊತ್ತೇನ್ರಿ ಅಕ್ಕೋರ? ಹಿಡಿ ಅಕ್ಕಿಗೆ ಸಾಲಾಗಿ ನಿಲ್ಲೂ ಹೊತ್ತಿನ್ಯಾಗ ಸಕ್ಕರಿ ತಂದು ಶೆಡ್ಡಿನ ಮಂದಿಗೆಲ್ಲಾ ಹಂಚಿದ್ದೆ. ನನ್ನ ಮಗಳು ಶಾಣ್ಯಾಕಿ ಅಂತ. ಗೋವಾದ ಸಾಲ್ಯಾಗ ಮೂವತ್ತು ಬಂದಾಗ ಕೆಟ್ಟಂಗ ಬಡದೀನ್ರಿ ಈಕಿನ್ನ. ಅಲ್ಲೆ ತೊಂಬತ್ತು, ಇಲ್ಲೆ ಮೂವತ್ತು, ಆಟಾ ಆಡ್ತಿ ಅಂತ ಬಡದೀನಿ. ಈಗ ಬಂದು ಅದು ಸುಳ್ಳು ಅಂತೀರಿ!”

ಹುಲಿಗೆವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

“ನನಗ ಗೊತ್ತಿತ್ತು,” ಎಂದಳು.

“ಏನು ಗೊತ್ತಿತ್ತವಾ?”

“ಆ ಪರೀಕ್ಷಾ ನಾ ಬರದೇ ಇಲ್ಲ ಅಂತ. ನೀವು ಹಾಕೀರಿ ಅಂತ. ಹೇಳಿದ್ರ ನಿಮಗ ಬೈತಾರ ಅಂತ ಸುಮ್ಮನಿದ್ದೆ.”

ಏಟು ತಿನ್ನುವಾಗಲೂ ಹೇಳಿರಲಿಲ್ಲ. ಪಾಟಿಯ ಮೇಲೆ ಕೆಂಪು ಬಂದು, ಗೆಳತಿಯರು ನೀನಿನ್ನು ಕೈಕೆಲಸಕ್ಕೆ ಎಂದು ಛೇಡಿಸಿದಾಗಲೂ ಹೇಳಿರಲಿಲ್ಲ. ಎಂಟು ವರ್ಷದವಳಿದ್ದಾಗಿನಿಂದ ಆ ಹುಡುಗಿ ಐದು ವರ್ಷ ತನ್ನ ಟೀಚರನ್ನು ಕಾಪಾಡಿಕೊಂಡು ಬಂದಿದ್ದಳು. ನೀಲಗಂಗಾಗೆ ದುಃಖ ಒತ್ತರಿಸಿಕೊಂಡು ಬಂತು, ದುರಗವ್ವನ ಎದುರೇ ಅತ್ತರು. ಅತ್ತು ಮುಗಿದ ಮೇಲೆ ಭಯ ಎಲ್ಲಿ ಹೋಯಿತೋ, ಬರೀ ಸಿಟ್ಟು ಉಳಿಯಿತು.

ಶುಕ್ರವಾರ ಗಲಗಲಿಯವರ ಫೋನು ಬಂತು. ಏನು ವಿಚಾರ ಮಾಡಿದಿರಿ, ಆ ಹುಡುಗಿಯ ಹೆಸರು ಹಸಿರು ಮಾಡಿಸಲೇ ಎಂದು ಕೇಳಿದರು.

“ಮೂವತ್ತಾರು ಸಾವಿರ ಹೆಸರು ಅದಾವ್ರಿ ಸಾಹೇಬ್ರ. ಎಲ್ಲಾ ಮಾಡಸ್ತೀರೇನು?”

“ಹಟಾ ಮಾಡಬ್ಯಾಡ್ರಿ.”

“ಮಾಡ್ತೀನ್ರಿ. ಇಷ್ಟು ವರ್ಷ ಮಾಡದೇ ಕೆಟ್ಟೀನಿ,” ಎಂದು ಟೀಚರ್ ಫೋನು ಇಟ್ಟರು.

ಮರುದಿನ ಸಮಾಲೋಚನಾ ಸಭೆ. ತಿಂಗಳಿಗೊಮ್ಮೆ ಸುತ್ತಲ ಹನ್ನೊಂದು ಊರಿನ ಶಿಕ್ಷಕರು ಬೇವಿನಗುಂಡಿಯ ಶಾಲೆಯಲ್ಲಿ ಸೇರಿ, ಸುತ್ತೋಲೆ ಓದಿ, ಮಂಡಕ್ಕಿ ಮಿರ್ಚಿ ತಿಂದು ಹೋಗುವ ಪದ್ಧತಿ. ಸುತ್ತೋಲೆ ಮುಗಿಯುತ್ತಲೇ ನೀಲಗಂಗಾ ಎದ್ದರು. ತಮ್ಮ ಪಾಟಿಯನ್ನು ಗೋಡೆಯ ಪರದೆಗೆ ಜೋಡಿಸಿ ಹುಲಿಗೆವ್ವನ ಗೆರೆ ತೋರಿಸಿದರು.

“ಈ ಮ್ಯಾಲಿನ ಚುಕ್ಕಿ ನಾ ಹಾಕಿದ್ದು. ನೋಡದ ಹಾಕಿದ್ದು. ನಿಮ್ಮೊಳಗ ನೋಡಿ ಹಾಕಿದವರು ಯಾರರೇ ಇದ್ರ ಕೈ ಎತ್ತರಿ.”

ಅರವತ್ತು ಜನರಲ್ಲಿ ಒಂದು ಕೈಯೂ ಏಳಲಿಲ್ಲ. ಯಾರೋ ಮಿರ್ಚಿಯ ತಟ್ಟೆಯನ್ನು ಮೆಲ್ಲಗೆ ಬದಿಗೆ ಸರಿಸಿದರು.

“ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಹಾಕಿದ್ವಿ. ನಾ ಗೋವಾದ ಮಕ್ಕಳಿಗೆ ಎರಡ ಹೆಚ್ಚ ಹಾಕಿದ್ದೆ. ಆ ಐದೂ ಮಕ್ಕಳು ಇವತ್ತ ಕೆಂಪು. ಉಳದ ನಾಲ್ಕು ಮಕ್ಕಳು ಯಾವ ಯಾವ ಊರಾಗ ಅದಾವೋ ನನಗ ಗೊತ್ತಿಲ್ಲ, ಕೆಂಪು ಮಾತ್ರ ಬೆನ್ನ ಹತ್ತಿ ಹೋಗೇತಿ. ನಿಮ್ಮ ಮಕ್ಕಳನ್ನೂ ಹುಡುಕ್ರಿ.”

“ನೌಕರಿ ಹೋಗ್ತಾವ್ರಿ ಟೀಚರ!” ಎಂದು ರುದ್ರಮುನಿ ಮಾಸ್ತರು ಕೂಗಿದರು. “ನಿಮ್ಮದು ಮುಗೀತು, ನಮ್ಮದು ಇನ್ನ ಹದಿನೈದು ವರ್ಷ ಐತಿ. ನಮ್ಮ ಹೊಟ್ಟಿಗೆ ಕಲ್ಲು ಹಾಕ್ತೀರೇನು?”

“ಒಬ್ಬಾಕಿ ಅಳಿಸಿದ್ರ ನೌಕರಿ ಹೋಗ್ತೈತಿ, ರುದ್ರಮುನಿ. ಎಲ್ಲಾರೂ ಅಳಿಸಿದ್ರ ಸಾಲಿ ನಡಸಾಕ ಯಾರನ್ನ ತರ್ತಾರ? ಹೋದ್ರ ಹೋಗ್ಲಿ. ನನ್ನದು ಮೊದಲು ಹೋಗ್ಲಿ,” ಎಂದು ಟೀಚರ್ ಹೆಬ್ಬೆಟ್ಟು ಒತ್ತಿದರು.

ಎಲ್ಲರ ಎದುರು ಒಂದೊಂದೇ ಹೆಸರು ಓದುತ್ತ ಮೂವತ್ತನಾಲ್ಕನ್ನೂ ಅಳಿಸಿದರು. ‘ನಾನು ನೋಡಿಲ್ಲ. ನಾನು ನೋಡಿಲ್ಲ.’ ಹನ್ನೆರಡನೆಯ ಹೆಸರಿಗೆ ಬರುವಷ್ಟರಲ್ಲಿ ಮೂಲೆಯಲ್ಲಿ ಒಬ್ಬ ಟೀಚರ್ ತಮ್ಮ ಪಾಟಿ ತೆಗೆದಿದ್ದರು. ಹುಲಿಗೆವ್ವನ ಹೆಸರಿಗೆ ಬಂದಾಗ ಹತ್ತು ಜನ ತೆಗೆದಿದ್ದರು. ರುದ್ರಮುನಿ ಮಾಸ್ತರು ಎದ್ದು ಹೊರಗೆ ಹೋದರು, ಬೀಡಿ ಸೇದಿದರು, ಶಿವನ ಹೆಸರು ಹೇಳಿ ಬೈದುಕೊಳ್ಳುತ್ತ ಮರಳಿ ಬಂದು ಕೂತು ಹೆಬ್ಬೆಟ್ಟು ಒತ್ತಿದರು. ಯಾರೋ ಇದನ್ನೆಲ್ಲ ಫೋನಿನಲ್ಲಿ ಹಿಡಿದು ಶಿಕ್ಷಕರ ಗುಂಪುಗಳಿಗೆ ಕಳಿಸಿದ್ದರು.

ಮೂವತ್ತೊಂದರ ಮಧ್ಯಾಹ್ನ ತಬಸ್ಸುಮ್ ಕೇಂದ್ರದಿಂದಲೇ ಫೋನು ಮಾಡಿದಳು. ಅವಳ ದನಿಯಲ್ಲಿ ನಗುವೂ ಗಾಬರಿಯೂ ಇದ್ದವು.

“ಟೀಚರ, ನಕಾಶಿ ಬೆಳ್ಳಗಾಗಾಕತ್ತೈತ್ರಿ! ಬೀದರದಾಗ ಅಳಸಾಕತ್ಯಾರ, ಬಳ್ಳಾರ್‍ಯಾಗ, ಅತ್ತಾಗ ಸೊಲ್ಲಾಪುರದ ಮಾಸ್ತರ್‍ರೂ ಸುರು ಮಾಡ್ಯಾರ. ಗಲಗಲಿ ಸರ್ ಆ ಕಲಮು ಈಗಿಂದೀಗ ಬಂದ್ ಮಾಡು ಅಂದ್ರು.”

“ಮಾಡಿದೇನು?”

“ಐದರ ತನಕ ತೆರದಿರಬೇಕು ಅಂತ ನೇಮ ಐತಿ, ಮುಚ್ಚಬೇಕಂದ್ರ ಬರದು ಸಹಿ ಹಾಕಿ ಕೊಡ್ರಿ ಸರ್ ಅಂದೆ. ಪೆನ್ನು ತೊಗೊಂಡ್ರು. ಅರ್ಧಾ ತಾಸಾತು, ಬರದಿಲ್ಲ ಇನ್ನೂ.”

ಐದು ಗಂಟೆಯ ಹೊತ್ತಿಗೆ ಎರಡು ಲಕ್ಷಕ್ಕೂ ಮಿಕ್ಕಿ ಅಂಕಗಳು ಅಳಿದಿದ್ದವು. ಗಲಗಲಿಯವರು ಪೆನ್ನನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋದರಂತೆ. ಮೆಟ್ಟಿಲು ಕೆಟ್ಟುಹೋಗಲಿಲ್ಲ, ಕುಸಿಯಲೂ ಇಲ್ಲ. ಸುಳ್ಳು ತೆಗೆದು ಉಳಿದದ್ದನ್ನು ಇಟ್ಟುಕೊಂಡು ಎರಡು ದಿನ ಹೊಸದಾಗಿ ಲೆಕ್ಕ ಹಾಕಿತು. ಕೆಂಪಾಗಿದ್ದ ಮಕ್ಕಳಲ್ಲಿ ಬಹುಪಾಲು ಹಸಿರಾದರು. ಇನ್ನು ಕೆಲವರ ಮುಂದೆ, ಈವರೆಗೆ ಅದು ಯಾರ ಬಗ್ಗೆಯೂ ಹೇಳದಿದ್ದ ಮಾತೊಂದು ಕಾಣಿಸಿತು: ‘ತಿಳಿದಿಲ್ಲ. ಕಲಿಸಿ ನೋಡಿ.’

ನೀಲಗಂಗಾಗೆ ಏಪ್ರಿಲ್ ಎರಡಕ್ಕೇ ಅಮಾನತಿನ ಆದೇಶ ಬಂತು. ಈರಪ್ಪ ಅದನ್ನು ಎರಡು ಸಲ ಓದಿದ, ಮಡಿಚಿ ದೇವರ ಗೂಡಿನಲ್ಲಿಟ್ಟ. “ನಾಳಿಂದ ಹೆಂಗೂ ಮನ್ಯಾಗ ಇರತಿ. ರೊಟ್ಟಿ ಮಾತ್ರ ನಾನ ಬಡೀತೀನಿ, ನೀ ಒಲಿ ಕಡೆ ಬರಬ್ಯಾಡ,” ಎಂದ. ಮುಂದಿನ ಒಂದು ವಾರ ಅವನು ಹಿಟ್ಟು ಬೀಸಿಸಲು ಬಂದವರಿಗೆಲ್ಲ ಹೆಂಡತಿಯ ಕಥೆ ಹೇಳಿ ತಲೆ ತಿಂದ.

ವಿಚಾರಣೆ ನಡೆದದ್ದು ಜೂನ್ ಕೊನೆಗೆ, ಜಿಲ್ಲಾ ಕಚೇರಿಯಲ್ಲಿ. ಕಾರಿಡಾರಿನ ಬೆಂಚುಗಳು ಸಾಲದೆ ಶಿಕ್ಷಕರು ಮೆಟ್ಟಿಲ ಮೇಲೆ, ಅಂಗಳದ ನೆರಳಲ್ಲಿ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೇ ನೋಟೀಸು. ರುದ್ರಮುನಿ ಮಾಸ್ತರು ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಮೊದಲ ಹೆಸರು ನೀಲಗಂಗಾ ಬಡಿಗೇರ.

ವಿಚಾರಣಾಧಿಕಾರಿ ಬೇರೆ ಜಿಲ್ಲೆಯವರು, ಮುಖ ತಗ್ಗಿಸಿಯೇ ಪ್ರಶ್ನೆ ಓದುತ್ತಿದ್ದರು. ಪಕ್ಕದಲ್ಲಿ ಗುಮಾಸ್ತ ಬರೆದುಕೊಳ್ಳುತ್ತಿದ್ದ.

“ಮಕ್ಕಳನ್ನು ನೋಡದೆ ಅಂಕ ನಮೂದಿಸಿದ್ದು ನಿಜವೇ?”

“ನಿಜ. ಅದು ತಪ್ಪು. ಅದಕ್ಕ ಏನ ಶಿಕ್ಷಾ ಕೊಡ್ತೀರಿ ಕೊಡ್ರಿ.”

“ಅಂಕ ಅಳಿಸಿದ್ದಕ್ಕೆ ವಿಷಾದ ವ್ಯಕ್ತಪಡಿಸುತ್ತೀರಾ? ವ್ಯಕ್ತಪಡಿಸಿದರೆ ಇಲ್ಲಿಗೇ ಮುಗಿಸಬಹುದು ಎಂದು ಸೂಚನೆ ಇದೆ.”

“ಇಲ್ಲ.”

ಅಧಿಕಾರಿ ಮೊದಲ ಸಲ ತಲೆ ಎತ್ತಿ ನೋಡಿದರು. ಕಿಟಕಿಯಾಚೆ ಶಿಕ್ಷಕರ ಗದ್ದಲ ಕೇಳುತ್ತಿತ್ತು. ಅವರು ಕೊನೆಯ ಪ್ರಶ್ನೆಗೆ ಬಂದರು.

“ಇಷ್ಟು ಜನ ಒಮ್ಮೆಲೇ ಎದ್ದಿದ್ದಾರೆ ಎಂದರೆ ನಿಮ್ಮ ಹಿಂದೆ ಯಾರೋ ಇರಲೇಬೇಕು. ಯಾರ ಪ್ರಚೋದನೆಯಿಂದ ಇದನ್ನು ಮಾಡಿದಿರಿ? ಹೆಸರು ಹೇಳಿ.”

“ಹೇಳ್ತೀನಿ. ಬರಕೋಪಾ,” ಎಂದು ನೀಲಗಂಗಾ ಗುಮಾಸ್ತನ ಕಡೆಗೆ ತಿರುಗಿದರು. “ಹುಲಿಗೆವ್ವ. ಒಂಬತ್ತನೇ ಇಯತ್ತೆ.”

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅವರು ಬೇಡ ಅನ್ನಲಿಲ್ಲ, ಅವನು ಬರೆದುಕೊಂಡ.